‘ವಿಂಟೇಜ್ ಕಂಪ್ಯೂಟರ್’ಗೆ ಏನನ್ನಬೇಕು? ನಾಳೆ ಬೋರ್ಡು ಬರೆಸಬೇಕು

ಶಿರಸಿಯಿಂದ:
ನಮಸ್ಕಾರ. ಮನೆ ಮೆತ್ತಿನ ಮೇಲೆ ಹಳೆ ಕಂಪ್ಯೂಟರ್ ಕೂಡಿಡೋಕೆ ಶುರು ಮಾಡಿದ್ದೇನೆ. ಸದ್ಯ ಮೂರೇ. 1982ರ ಮಾದರಿಯ ಸಿಂಕ್ಲೇರ್ ಸ್ಪೆಕ್ಟ್ರಮ್, 48 ಕೆಬಿ ಮೆಮೊರಿ, ಟಿವಿಗೆ ಜೋಡಿಸಿ ಕ್ಯಾಸೆಟ್ಟಿನಿಂದ ಪ್ರೋಗ್ರಾಮ್ ಹಾಕಬೇಕು. ಒಂದು ಬಿಬಿಸಿ ಮೈಕ್ರೋ, ಎಂಬತ್ತರ ದಶಕದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸೋ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದಿತ್ತಲ್ಲ, ಅದೇ. ಮತ್ತೊಂದು 386 ಚಿಪ್ಪಿನ ಪಿಸಿ, ಅದರ ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ಗೆರೆಯೆಲ್ಲ ಹಸಿರಾಗಿದೆ, ಮಳೆಗಾಲದ ಬೂಸಲು ಬೇರೆ. ಅದಿರಲಿ. ಭಾನುವಾರ ಶಾಲೆ ಮಕ್ಕಳು ನೋಡೋಕೆ ಬರುತ್ತಾರೆ, ಪೇಂಟರ್ ಬೆಳಿಗ್ಗೆಯೇ ಪದ ಕೇಳಿದ್ದಾನೆ. ‘ಪುರಾತನ ಗಣಕಯಂತ್ರ’ ಅಂದರೆ ಬನವಾಸಿಯಲ್ಲಿ ಅಗೆದು ತಂದ ಹಾಗಿದೆ. ‘ಹಳೆ ಕಂಪ್ಯೂಟರ್’ ಅಂದರೆ ಗುಜರಿಯವನು ತಕ್ಕಡಿ ಹಿಡಿದು ಬರುತ್ತಾನೆ. ‘ಹಳಗಣಕ’ ಆಗಬಹುದಾ?

ಹೊನ್ನಾವರದಿಂದ:
ಆಗದು. ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಅರಿಸಮಾಸ. ವ್ಯಾಕರಣ ಬರೆದ ಕೇಶಿರಾಜ ಬಿರುದಿಗೆ ವಿನಾಯಿತಿ ಕೊಟ್ಟಿದ್ದಾನೆ, ಬೋರ್ಡಿಗಲ್ಲ. ‘ಹಳೆಯೆಣ್ಣುಕ’ ಅನ್ನಿ, ಎಣ್ಣು ಅಂದರೆ ಎಣಿಸು, ಎರಡೂ ಅಚ್ಚಗನ್ನಡ.

ಕಾರವಾರದಿಂದ:
ಎಣ್ಣುಕ ಅಂದರೆ ಮಕ್ಕಳು ಎಣ್ಣೆ ಗಾಣ ಹುಡುಕುತ್ತಾರೆ ಮಾರಾಯರೆ. ಅಂದಹಾಗೆ ಗುಜರಿಯನ್ನು ಬಯ್ಯಬೇಡಿ. ಹಿಂದೂಸ್ತಾನಿಯಿಂದ ಬಂದ ಪದ, ಮೂಲದಲ್ಲಿ ದಾರಿಬದಿಯ ಸಂತೆ. ಹೊನ್ನಾವರದವರಿಗೆ ಅಚ್ಚಗನ್ನಡವೇ ಬೇಕಿದ್ದರೆ ಮೊದಲು ಬೀಗದ ಪಕ್ಕದ ಚಾವಿ, ಹುಳಿಯೊಳಗಿನ ಬಟಾಟೆ ಎರಡನ್ನೂ ಪೋರ್ತುಗೀಸರಿಗೆ ವಾಪಸ್ ಕೊಟ್ಟು ಬರಲಿ.

ಹೊನ್ನಾವರದಿಂದ:
ಬೀಗದ ಕೈ ಅನ್ನೋಕೆ ನಾಲಿಗೆ ಬರದವರ ಜೊತೆ ವಾದವಿಲ್ಲ.

ಕುಮಟಾದಿಂದ:
ಇಬ್ಬರೂ ಸ್ವಲ್ಪ ತಡೀರಿ. ವಿಂಟೇಜ್ ಅಂದರೆ ಮೂಲದಲ್ಲಿ ದ್ರಾಕ್ಷಿ ಕೊಯ್ಲು. ಯಾವ ವರ್ಷದ ಕೊಯ್ಲು ಅನ್ನೋದರ ಮೇಲೆ ವೈನಿನ ಬೆಲೆ. ಅಂಥದ್ದು ನಮ್ಮ ಅಡಿಕೆ ಮಾರುಕಟ್ಟೆಯಲ್ಲಿ ಇಲ್ವಾ? ಬಿಸಿಲಿಗೆ ಒಣಗಿಸಿ ಸುಲಿದ ಚಾಲಿ ಅಡಿಕೆಗೆ ಹಳೆ ಚಾಲಿ, ಹೊಸ ಚಾಲಿ ಅಂತ ಬೇರೆ ಬೇರೆ ರೇಟು ಹಾಕುತ್ತಾರೆ, ಹಳೆಯದಕ್ಕೇ ಜಾಸ್ತಿ ಸಿಗೋದುಂಟು. ನಮ್ಮ ಜಿಲ್ಲೆಯಲ್ಲಿ ‘ಹಳೆ’ ಬಯ್ಗುಳವಲ್ಲ. ‘ಹಳೆ ಕಂಪ್ಯೂಟರ್’ ಅಂತಲೇ ಬರೆಸಿ, ಒಂದೊಂದರ ಕೆಳಗೆ ಇಸವಿ ಹಾಕಿ, ಗುಜರಿಯವನು ಬರೋದಿಲ್ಲ. ಆ 386ರ ಬ್ಯಾಟರಿ ಮೊದಲು ಕಿತ್ತು ಹಾಕಿ, ಸೋರಿದ್ದು ಕ್ಷಾರ, ವಿನೆಗರ್ ಹಚ್ಚಿ ಒರೆಸಿ. ಪದ ತಡವಾದರೂ ನಡೆಯುತ್ತದೆ, ಅದು ನಡೆಯೋದಿಲ್ಲ.

ಶಿರಸಿಯಿಂದ:
ಹಳೆ ಚಾಲಿ ತಲೆಗೇ ಬರಲಿಲ್ಲ ನೋಡಿ, ಅಂಗಳದ ತುಂಬ ಅಡಿಕೆ ಹರವಿಕೊಂಡು ಕೂತಿದ್ದೇನೆ. ಪೇಂಟರ್‌ಗೆ ‘ಹಳೆ ಕಂಪ್ಯೂಟರುಗಳು’ ಅಂತ ಹೇಳಿಬಿಟ್ಟೆ.

ಹೊನ್ನಾವರದಿಂದ:
‘ಗಳು’ ಆದರೂ ಉಳಿಯಿತಲ್ಲ.