‘ಜಿಂಜಾ’, ‘ತೆರಾ’: ಎರಡಕ್ಕೂ ‘ದೇವಸ್ಥಾನ’ ಎಂದರೆ ಸಾಕೇ?

ಜಪಾನಿನ ಬಿವಾ ಸರೋವರದ ಸುತ್ತಲಿನ ಗುಡಿಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಶಿಂತೋ ಎಂಬ ಅಲ್ಲಿನ ಮೂಲ ಧರ್ಮದ ‘ಜಿಂಜಾ’ವನ್ನೂ ಬೌದ್ಧ ‘ತೆರಾ’ವನ್ನೂ ಒಟ್ಟಿಗೆ ‘ದೇವಸ್ಥಾನ’ ಅಂದುಬಿಡುತ್ತೇವೆ. ಅದನ್ನು ಓದಿಕೊಂಡು ಹೋದವರು ಅಲ್ಲಿ ಎಡವುತ್ತಾರೆ. ಜಿಂಜಾದಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗಬೇಕು. ತೆರಾದಲ್ಲಿ ಚಪ್ಪಾಳೆ ಸಲ್ಲದು, ಸದ್ದಿಲ್ಲದೆ ಕೈಮುಗಿಯಬೇಕು.

ಸರೋವರದ ನಡುವಿನ ಚಿಕುಬು ದ್ವೀಪದಲ್ಲಿ ಈ ಗೊಂದಲ ಕಣ್ಣಿಗೇ ಕಾಣುತ್ತದೆ. ನಾಗಹಾಮಾದಿಂದಲೋ ಇಮಾಜುವಿನಿಂದಲೋ ದೋಣಿಯಲ್ಲಿ ಬಂದು 165 ಕಲ್ಲುಮೆಟ್ಟಿಲು ಹತ್ತಿದರೆ ಹೋಗೊನ್‌ಜಿ ಎಂಬ ತೆರಾ. ಅದರ ಕನ್ನೊನ್ (ಕರುಣೆಯ ಬೋಧಿಸತ್ತ್ವ) ಮಂದಿರದಿಂದ ಮರದ ಮೊಗಸಾಲೆಯೊಂದು ಹೊರಟು ನೇರ ತ್ಸುಕುಬುಸುಮಾ ಜಿಂಜಾಕ್ಕೆ ಸೇರುತ್ತದೆ. ಅದನ್ನು ದಾಟುವಷ್ಟರಲ್ಲಿ ಪ್ರಾರ್ಥನೆಯ ರೀತಿಯೇ ಬದಲು. ಮೊದಲು ಇವೆರಡೂ ಬೆರೆತೇ ಇದ್ದವು. 1868ರಲ್ಲಿ ಮೇಜಿ ಸರ್ಕಾರ ಶಿಂತೋ–ಬೌದ್ಧಗಳನ್ನು ಬೇರ್ಪಡಿಸಲು ಆಜ್ಞೆ ಮಾಡಿದ ಮೇಲೆ ಇಬ್ಭಾಗವಾದವು. ಹೋಗೊನ್‌ಜಿಯ ಬೆಂಜಾಯ್‌ತೆನ್ ನಮ್ಮ ಸರಸ್ವತಿಯೇ. ಅಲ್ಲಿ ‘ಸರಸ್ವತಿ’ ಎಂದು ಬರೆಯಲು ಅಳುಕಬೇಕಿಲ್ಲ. ಬೌದ್ಧರ ತೆಂದಾಯ್ ಪಂಥದ ಎನ್ರ್ಯಾಕುಜಿಯಂಥ ತೆರಾಗಳಲ್ಲಿ ನಡೆಯುವ ‘ಗೋಮಾ’ ಕೂಡ ಚೀನಾದ ದಾರಿಯಲ್ಲಿ ಹೋದ ‘ಹೋಮ’ವೇ.

ಜಿಂಜಾಕ್ಕೆ ನನ್ನ ಸೂಚನೆ ‘ದೈವಸ್ಥಾನ’. ತುಳುನಾಡಿನಲ್ಲಿ ದೇವರು ಬೇರೆ, ದೈವ ಬೇರೆ. ಬೆಟ್ಟ, ಮರ, ನೀರಿಗೆ ಅಂಟಿಕೊಂಡ, ಆ ಊರಿಗೇ ಸೇರಿದ, ಜಿಂಜಾದಲ್ಲಿ ಪೂಜೆಗೊಳ್ಳುವ ‘ಕಾಮಿ’ಗೆ ‘ದೇವರು’ ಅನ್ನುವುದಕ್ಕಿಂತ ‘ದೈವ’ ಹತ್ತಿರ. ಆದರೆ ಕನ್ನಡದ ಓದುಗರಿಗೆ ದೈವ ಅಂದೊಡನೆ ಕೋಲವೂ ದರ್ಶನವೂ ನೆನಪಾಗುತ್ತವೆ. ಜಿಂಜಾದ ನಿತ್ಯದ ಪೂಜೆಯಲ್ಲಿ ಅದಿಲ್ಲ. ಆ ಒಂದು ಮಾತು ಸೇರಿಸಿ ಹೇಳಬೇಕಾದೀತು. ತೆರಾಕ್ಕೆ ‘ವಿಹಾರ’ ಸಾಕು. ಜೈನರ ಗುಡಿಗೆ ‘ಬಸದಿ’ ಎಂಬ ಬೇರೆ ಪದವನ್ನೇ ಇಟ್ಟುಕೊಂಡ ಭಾಷೆಗೆ ಇದೇನೂ ಭಾರವಲ್ಲ.

ಜಿಂಜಾದ ಹೆಬ್ಬಾಗಿಲಾದ ‘ತೊರಿಯಿ’ಗೆ ‘ತೋರಣ’ ಬೇಡ. ಓದುಗರಿಗೆ ಮಾವಿನೆಲೆ ಕಾಣುತ್ತದೆ. ತೊರಿಯಿ ಎಂದೇ ಬರೆಯೋಣ.

‘ಕೈಕಾಲು ತೊಳೆದು ಒಳಗೆ ಹೋಗಿ’ ಎಂಬ ನಮ್ಮ ರೂಢಿಯ ಮಾತು, ಪ್ರಾರ್ಥನೆಗೆ ಮುಂಚೆ ನೀರಿನಿಂದ ಶುದ್ಧವಾಗುವ ‘ತೆಮಿಜು’ವಿಗೆ ಶುದ್ಧ ತಪ್ಪು. ಕಾಲು ತೊಳೆಯುವಂತಿಲ್ಲ. ಬಲಗೈಯಲ್ಲಿ ಸೌಟು ಹಿಡಿದು ಎಡಗೈ, ಕೈ ಬದಲಿಸಿ ಬಲಗೈ. ಮತ್ತೆ ಸೌಟನ್ನು ಬಲಗೈಗೆ ತಂದು ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಿ, ಮತ್ತೆ ಎಡಗೈ. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ಇಷ್ಟೂ ಒಂದೇ ಸೌಟು ನೀರಿನಲ್ಲಿ ಆಗಬೇಕು. ಮೊದಲ ಕೈಗೇ ಸುರಿದುಬಿಟ್ಟರೆ ಹಿಡಿ ತೊಳೆಯಲು ನೀರು ಉಳಿಯದು. ಸೌಟಿಗೆ ತುಟಿ ತಾಗಬಾರದು. ‘ತೀರ್ಥ’ ಅಂತಲೂ ಬರೆಯಬೇಡಿ, ಯಾರಾದರೂ ಕುಡಿದಾರು.

ಉತ್ಸವದ ಪದಗಳಲ್ಲಿ ‘ಮಿಕೊಶಿ’ಯನ್ನು ‘ರಥ’ ಅನ್ನುವುದು ಕಂಡಿದ್ದೇನೆ. ಮಿಕೊಶಿಗೆ ಗಾಲಿಯಿಲ್ಲ, ಹೆಗಲ ಮೇಲೆ ಹೋಗುವಂಥದ್ದು. ಸಾಕಾಮೊತೊ ಊರಿನ ಹಿಯೊಶಿ ತಾಯ್‌ಶಾ ಎಂಬ ಜಿಂಜಾದಲ್ಲಿ ಸಾನ್ನೋ ಉತ್ಸವದ ಏಪ್ರಿಲ್ 13ರ ರಾತ್ರಿ ನಾಲ್ಕು ಮಿಕೊಶಿಗಳನ್ನು ಬಹಳ ಹೊತ್ತು ಧಡಧಡ ಕುಲುಕಿ, ಕೊನೆಗೆ ಜಗಲಿಯಿಂದ ಕೆಳಕ್ಕೆ ಹಾಕುತ್ತಾರೆ. ಆ ಕುಲುಕಾಟ ಹೆರಿಗೆಯ ನೋವಿನ ಸಂಕೇತ. ‘ಪಲ್ಲಕ್ಕಿ’ ಅಂದರೆ ಮೆಲ್ಲನೆ ಸಾಗುವ ಮೆರವಣಿಗೆಯ ಚಿತ್ರ ಬರುತ್ತದೆ. ಅದಕ್ಕಿಂತ ಹಳೇ ಮೈಸೂರು ಕಡೆಯ ‘ಅಡ್ಡೆ’ ಮೇಲು, ದೇವರನ್ನು ಹೊತ್ತು ಕುಣಿಸುವುದು ಆ ಪದದಲ್ಲೇ ಇದೆ.

ನನಗೆ ಬಗೆಹರಿಯದಿರುವುದು ‘ಹಿಕಿಯಾಮಾ’. ನಾಗಹಾಮಾದಲ್ಲಿ ಏಪ್ರಿಲ್‌ನಲ್ಲಿ ಎಳೆಯುವ ಈ ಗಾಲಿಬಂಡಿಗಳಿಗೆ ‘ತೇರು’ ಅನ್ನಬಹುದಿತ್ತು. ಆದರೆ ಅದರೊಳಗೆ ರಂಗಸ್ಥಳವಿದೆ, 5ರಿಂದ 12 ವರ್ಷದ ಹುಡುಗರು ಅಲ್ಲಿ ಕಬುಕಿ ಎಂಬ ಜಪಾನೀ ನಾಟಕ ಆಡಿ ದೇವರಿಗೆ ಒಪ್ಪಿಸುತ್ತಾರೆ. ಕರಾವಳಿಯ ‘ಹರಕೆ ಆಟ’ದ (ಹರಕೆಗೆಂದು ಆಡಿಸುವ ಯಕ್ಷಗಾನ) ನೆನಪಿನಲ್ಲಿ ‘ಆಟದ ತೇರು’ ಅಂದರೆ ನಡೆದೀತೇ? ಘಟ್ಟದ ಮೇಲಿನವರಿಗೆ ‘ಆಟ’ ಅಂದರೆ ಮಕ್ಕಳಾಟ ಎಂದಷ್ಟೇ ಕೇಳಿಸುತ್ತದೆಯೇ? ಬಯಲುಸೀಮೆಯಲ್ಲಿ ಹೀಗೆ ಬಂಡಿಯ ಮೇಲೆ ಆಡುವ ಆಟಕ್ಕೆ ಬೇರೆ ಹೆಸರಿದ್ದರೆ ತಿಳಿಸಿ.