ಮೊದಲು ಹಲ್ಲು ಎಣಿಸಿ

ಕುಂಬಳೆ ಭಾವ: (ಫಾರ್ವರ್ಡ್) ಕೊಳಾಯಿ ನೀರಿಗೆ ಫ್ಲೋರೈಡ್ ಸೇರಿಸಿದರೆ ಮಕ್ಕಳ ಹಲ್ಲು ಹುಳುಕಾಗುವುದು ಕಮ್ಮಿ. ಅಮೆರಿಕದಲ್ಲಿ 1945ರಿಂದ ಇದೆ.
ನಮ್ಮ ಪಂಚಾಯತಿಗೂ ಒಂದು ಅರ್ಜಿ ಕೊಡೋಣವಾ?

ಬದಿಯಡ್ಕ ಮಾವ: ಬೇಡ ಮಾರಾಯ. ಗೇರು ತೋಟಕ್ಕೆ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಕಷ್ಟ ಕಂಡವರು ನಾವು. ಇನ್ನು ನೀರಿಗೂ ಮದ್ದು ಹಾಕಬೇಕಾ?

ಕುಂಬಳೆ ಭಾವ: ಪೇಸ್ಟಿನಲ್ಲಿ ಇರುವುದೇ ಅಲ್ವಾ ಮಾವ?

ಬದಿಯಡ್ಕ ಮಾವ: ಪೇಸ್ಟ್ ಉಗುಳುತ್ತೇವೆ. ನೀರು ಕುಡಿಯುತ್ತೇವೆ.

ನಾನು: ಭಾವಾ, ಆ ಮೆಸೇಜಿನಲ್ಲಿ ಮುಖ್ಯ ವಿಷಯವೇ ಇಲ್ಲ. ಅಮೆರಿಕದಲ್ಲಿ ಇದು ಮೊದಲು ಶುರುವಾದ ಊರು ಗ್ರ್ಯಾಂಡ್ ರ‍್ಯಾಪಿಡ್ಸ್. ಅಲ್ಲಿ ನೀರಿಗೆ ಹಾಕುವ ಮೊದಲು ಶಾಲೆ ಮಕ್ಕಳ ಹಲ್ಲು ಎಣಿಸಿದರು. ಹುಳುಕು ಎಷ್ಟು, ಕಿತ್ತದ್ದು ಎಷ್ಟು, ತುಂಬಿಸಿದ್ದು ಎಷ್ಟು, ಎಲ್ಲ ಬರೆದಿಟ್ಟರು. ಹೋಲಿಸಿ ನೋಡಲಿಕ್ಕೆ ಹತ್ತಿರದ ಮಸ್ಕೀಗನ್ ಊರಿನ ಮಕ್ಕಳದ್ದೂ ಬರೆದರು. ಅಲ್ಲಿ ಆಗ ಫ್ಲೋರೈಡ್ ಹಾಕಲಿಲ್ಲ. 11 ವರ್ಷ ಕಳೆದಾಗ, ಫ್ಲೋರೈಡ್ ಶುರುವಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕಿಂತ ಜಾಸ್ತಿ ಇಳಿದಿತ್ತು. ಹಳೇ ಲೆಕ್ಕ ಇತ್ತು, ಹಾಗಾಗಿ ಹೇಳಲಿಕ್ಕಾಯಿತು.

ಬದಿಯಡ್ಕ ಮಾವ: ಹಾಗಾದರೆ ಹಾಕಬೇಕು ಅಂತಲಾ ಕೂಸೇ?

ನಾನು: ಅಲ್ಲ ಮಾವ. ನಮ್ಮ ನೀರಿನಲ್ಲಿ ಈಗಾಗಲೇ ಎಷ್ಟಿದೆ? ಅದು ಗೊತ್ತಾಗಬೇಕಲ್ವಾ? ಪಾವಗಡ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿಗೆ ಕಂದು ಕಲೆ. ಅಲ್ಲಿ ಅದನ್ನು ತೆಗೆಯುವುದೇ ಒದ್ದಾಟ. ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5.

ಪೆರ್ಲ ಚಿಕ್ಕಮ್ಮ: ನಮ್ಮದು ಗುಡ್ಡ ಕೊರೆದ ಸುರಂಗದಿಂದ ಬರುವ ನೀರು. ಅದಕ್ಕೆ ಯಾರು ಹಾಕುತ್ತಾರೆ?

ನಾನು: ಅದೂ ಹೌದು ಚಿಕ್ಕಮ್ಮ. ಯಾವ ಮಗು ಯಾವ ನೀರು ಕುಡಿಯುತ್ತದೆ ಅಂತಲೂ ಬರೆಯಬೇಕು.
ಕಳೆದ ವಾರ ಒಂದು ಶಾಲೆಯ ಕ್ಯಾಂಪಿಗೆ ಹೋಗಿದ್ದೆ. ಎರಡನೇ ಕ್ಲಾಸಿನ ಹುಡುಗಿ. ಟಾರ್ಚ್ ಹಿಡಿದು ನೋಡಿದರೆ ದವಡೆಯ ಹಾಲುಹಲ್ಲು ನಾಲ್ಕು ಕಪ್ಪು. ಒಂದರ ತೂತಿನಲ್ಲಿ ಬೆಳಗ್ಗಿನ ಅವಲಕ್ಕಿ ಸಿಕ್ಕಿಕೊಂಡಿತ್ತು. ಈಚೆ ಬದಿಯಲ್ಲೇ ಅಗಿಯುವುದು ಅಂದಳು, ಕೆನ್ನೆ ಒತ್ತಿ ಹಿಡಿದು. ಅದನ್ನು ಬರೆದಿಡಲಿಕ್ಕೆ ಒಂದು ಕಾಗದ ಕೊಟ್ಟಿರಲಿಲ್ಲ. ಪೇಸ್ಟ್ ಹಂಚಿ, ಫೋಟೋ ತೆಗೆದು ಮುಗಿಸಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಬದಿಯಡ್ಕ ಮಾವ: ಎಂಡೋಸಲ್ಫಾನ್ ಸುರಿಯುವ ಮೊದಲು ನಮ್ಮ ಮಕ್ಕಳ ಲೆಕ್ಕ ಹೀಗೆ ಬರೆದಿಟ್ಟಿದ್ದರೆ, ಆಮೇಲೆ ಅಷ್ಟು ವರ್ಷ ವಾದ ಮಾಡಬೇಕಿತ್ತಾ?

ನಾನು: ನಾನು ಹೇಳುವುದೂ ಅದನ್ನೇ ಮಾವ.

ಬದಿಯಡ್ಕ ಮಾವ: ಲೆಕ್ಕ ಬರೆಯಲಿಕ್ಕೆ ನನ್ನ ಒಪ್ಪಿಗೆ ಇದೆ. ನೀರಿಗೆ ಹಾಕಲಿಕ್ಕೆ ಇಲ್ಲ.

ಕುಂಬಳೆ ಭಾವ: ಸರಿ, ಅರ್ಜಿಯಲ್ಲಿ ಎಂತ ಬರೆಯಲಿ?

ನಾನು: 6 ಮತ್ತು 12 ವರ್ಷದ ಮಕ್ಕಳ ಹಲ್ಲು ಪರೀಕ್ಷೆ. ಶಾಲೆ ಬಾವಿಯ ಮತ್ತು ಮನೆ ನೀರಿನ ಫ್ಲೋರೈಡ್ ಪರೀಕ್ಷೆ. ಕನ್ನಡ, ಮಲಯಾಳಂ ಎರಡರಲ್ಲೂ ಬರೆಯಿರಿ ಭಾವ.