ಗಾಜು ಒರೆಸುವ ಸ್ವಂತ ಕೆಲಸ: ಮನಸ್ಸಿಗೆ ಹಿಡಿಸಿದ ಮನೆಗಳೋ, ಹಣ ತರುವ ಅಂಗಡಿಗಳೋ, ತಿಂಗಳ ಸಂಬಳವೋ?

ಏಣಿಯವನು, ಕೌಲ್‌ಬಜಾರ್: ಐದು ವರ್ಷಗಳಿಂದ ಬಳ್ಳಾರಿಯಲ್ಲಿ ಕಿಟಕಿ ಗಾಜು ಒರೆಸುವ ಕೆಲಸವನ್ನು ಸ್ವಂತವಾಗಿ ಮಾಡುತ್ತಿದ್ದೇನೆ. ವಾರಕ್ಕೊಮ್ಮೆ ಹೋಗುವ ಅಂಗಡಿಗಳು 24, ಒಂದು ಸಲಕ್ಕೆ 120 ರೂಪಾಯಿ. ತಿಂಗಳಿಗೆ ಎಂಟು ಮನೆಗಳು, ಮನೆಗೆ 900 ರೂಪಾಯಿ. ಪೆಟ್ರೋಲ್, ಬಟ್ಟೆ, ವೈಪರಿನ ರಬ್ಬರ್, ಸೋಪು ಕಳೆದರೆ ಹದಿನಾರೂವರೆ ಸಾವಿರ ಉಳಿಯುತ್ತದೆ. ಈಗ ಗುತ್ತಿಗೆದಾರರೊಬ್ಬರು ತೋರಣಗಲ್ಲಿನ ಕಡೆಯ ಕಚೇರಿ ಕಟ್ಟಡವೊಂದಕ್ಕೆ 18,000 ರೂಪಾಯಿ ಸಂಬಳಕ್ಕೆ ಕರೆಯುತ್ತಿದ್ದಾರೆ. ಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ನೌಕರರ ವಿಮೆ) ಇವೆ. ಮನೆಯಲ್ಲಿ ಎಲ್ಲರೂ ಹೋಗು ಎನ್ನುತ್ತಾರೆ. ಆದರೆ ಕೆಂಪು ಧೂಳು ಕುಳಿತು ಮಬ್ಬಾದ ಗಾಜನ್ನು ತೊಳೆದ ಮೇಲೆ, ಆ ಮನೆಯ ಅಜ್ಜಿ ಕುರ್ಚಿಯಿಂದ ಏಳದೆಯೇ ಕೋಟೆ ಗುಡ್ಡವನ್ನು ನೋಡಿ ‘ಈಗ ಕಾಣ್ತದಪ್ಪ’ ಎಂದಾಗ ಸಿಗುವ ಸಮಾಧಾನ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹಿರಿಯರು ಏನು ಹೇಳುತ್ತೀರಿ?

ಲೆಕ್ಕದ ಪುಸ್ತಕ, ಗಾಂಧಿನಗರ: ತಮ್ಮಾ, ಮೊದಲು ಗಂಟೆಗಳನ್ನು ಎಣಿಸಿ. ಒಂದು ಅಂಗಡಿಗೆ ಎಷ್ಟು ಹೊತ್ತು, ಒಂದು ಮನೆಗೆ ಎಷ್ಟು?

ಏಣಿಯವನು: ಅಂಗಡಿಗೆ 20 ನಿಮಿಷ. ಮನೆಗೆ ಐದು ಗಂಟೆ, ಏಕೆಂದರೆ ನಮ್ಮೂರಿನ ಕಿಟಕಿಗಳಿಗೆಲ್ಲ ಕಬ್ಬಿಣದ ಸರಳುಗಳಿರುತ್ತವೆ, ಸೊಳ್ಳೆ ಜಾಲರಿ ಇರುತ್ತದೆ, ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿನಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ.

ಲೆಕ್ಕದ ಪುಸ್ತಕ: ಹಾಗಿದ್ದರೆ ಅಂಗಡಿಗಳಿಗೆ ತಿಂಗಳಿಗೆ 32 ಗಂಟೆ, ಮನೆಗಳಿಗೆ 40 ಗಂಟೆ. ಅಂಗಡಿಯಲ್ಲಿ ಗಂಟೆಗೆ 360 ರೂಪಾಯಿ ಹುಟ್ಟುತ್ತದೆ, ಮನೆಯಲ್ಲಿ 180. ನೀವು ಇಷ್ಟಪಡುವ ಕೆಲಸಕ್ಕೆ ನೀವೇ ಅರ್ಧ ಕೂಲಿ ಹಾಕಿಕೊಂಡಿದ್ದೀರಿ. ಇದು ಪ್ರೀತಿಯಲ್ಲ, ದರ ಹೇಳಲು ಸಂಕೋಚ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ಗಾಜಿನ ಮೇಲೆ ಕೈಯಿಟ್ಟದ್ದು ತಿಂಗಳಿಗೆ 72 ಗಂಟೆ ಮಾತ್ರ. ಸಂಬಳದ ಕೆಲಸದಲ್ಲಿ ದಿನಕ್ಕೆ ಎಂಟರಂತೆ 26 ದಿನಕ್ಕೆ 208 ಗಂಟೆಯಾಗುತ್ತದೆ, ಹೋಗಿ ಬರುವ 60 ಕಿಲೋಮೀಟರ್ ಬೇರೆ. ನಿಮ್ಮ ಉಳಿದ ಸಮಯ ಎಲ್ಲಿ ಹೋಗುತ್ತಿದೆ?

ಏಣಿಯವನು: ಅರ್ಧ ಸಮಯ ಬಾಕಿ ಕೇಳುತ್ತ ಅಲೆಯುವುದರಲ್ಲಿ ಹೋಗುತ್ತದೆ. ‘ಸಾಯಂಕಾಲ ಬಾ’ ಎನ್ನುವವರು ಸಾಯಂಕಾಲ ಗಲ್ಲಾದ ಹತ್ತಿರ ಇರುವುದಿಲ್ಲ. ಇನ್ನುಳಿದದ್ದನ್ನು ಬಿಸಿಲು ತಿನ್ನುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಸೋಪಿನ ನೀರು ವೈಪರ್ ಎಳೆಯುವ ಮೊದಲೇ ಒಣಗಿ ಗೆರೆ ಬೀಳುತ್ತದೆ.

ಹಳೆಯ ಪೇಂಟರ್, ರಾಯಚೂರು: ಬಿಸಿಲಿನ ಊರಿನಲ್ಲಿ ಕೆಲಸವನ್ನು ಗಡಿಯಾರ ನೋಡಿ ಅಲ್ಲ, ನೆರಳು ನೋಡಿ ಹಂಚಿಕೊಳ್ಳಬೇಕು. ಬೆಳಿಗ್ಗೆ ಪಡುವಣ ಗೋಡೆಯ ಕಿಟಕಿಗಳು, ಮಧ್ಯಾಹ್ನದ ಮೇಲೆ ಮೂಡಣ ಗೋಡೆಯವು, ನಡುಹೊತ್ತಿನಲ್ಲಿ ಒಳಗಿನ ಗಾಜು, ಜಾಲರಿ, ಟ್ರ್ಯಾಕು. ಇನ್ನೊಂದು ವಿಷಯ: ‘ಮನೆಗೆ ಇಷ್ಟು’ ಎಂದು ಹೇಳಲೇಬೇಡಿ, ಕಿಟಕಿಯ ಕದಕ್ಕೆ ಇಷ್ಟು, ಜಾಲರಿಗೆ ಇಷ್ಟು ಎಂದು ಬಿಡಿಬಿಡಿಯಾಗಿ ಹೇಳಿ. ಬೋರ್‌ವೆಲ್ ನೀರಿನ ಬಿಳಿ ಸುಣ್ಣದ ಕಲೆ ಸೋಪಿಗೆ ಹೋಗುವುದಿಲ್ಲ, ವಿನೆಗರ್ ಹಚ್ಚಿ ಕಾಯಬೇಕು. ಅದಕ್ಕೆ ಪ್ರತ್ಯೇಕ ದರ. ಅವಸರಕ್ಕೆ ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಮುಟ್ಟಬೇಡಿ, ಅಲ್ಯೂಮಿನಿಯಂ ಚೌಕಟ್ಟು ಹಾಳಾಗುತ್ತದೆ. (ಇದು ಸ್ವಂತ ಖರ್ಚಿನಲ್ಲಿ ಕಲಿತ ಪಾಠ.)

ಗಂಗಾವತಿಯವ: ಎಲ್ಲರೂ ದರದ ಮಾತಾಡುತ್ತಿದ್ದೀರಿ, ಏಣಿಯ ಮಾತು ಯಾರೂ ಎತ್ತಲಿಲ್ಲ. ನಾನು ಎರಡನೆಯ ಅಂತಸ್ತಿನಿಂದ ಬಿದ್ದು ನಾಲ್ಕು ತಿಂಗಳು ಮಲಗಿದ್ದವನು. ಇಎಸ್‌ಐ ಇದ್ದಿದ್ದರೆ ಕೆಲಸದಲ್ಲಿ ಆದ ಗಾಯಕ್ಕೆ ಚಿಕಿತ್ಸೆಯ ಜೊತೆಗೆ ವೇತನದ ಶೇ. 90ರಷ್ಟು ಸಿಗುತ್ತಿತ್ತು, ಸ್ವಂತ ಕೆಲಸದವನಾದ್ದರಿಂದ ಹೆಂಡತಿಯ ಸರ ಅಡ ಇಡಬೇಕಾಯಿತು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆಯನ್ನು ಖಂಡಿತ ಮಾಡಿಸಿ, ಆದರೆ ಅದು ಅಪಘಾತದಿಂದಾದ ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ ಹಣ ಕೊಡುತ್ತದೆ, ಮುರಿದ ಕಾಲಿನ ಆಸ್ಪತ್ರೆ ಬಿಲ್ಲಿಗೆ ಕೊಡುವುದಿಲ್ಲ. ನನ್ನ ಮಟ್ಟಿಗೆ 18,000 ರೂಪಾಯಿಯೇ ಮೇಲು.

ಜೀನ್ಸ್ ಹೊಲಿಗೆಯವಳು: ಅಣ್ಣಾ, ನಿಮ್ಮ ನೋವು ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ನಾನು ಇದೇ ಊರಿನಲ್ಲಿ ಹನ್ನೊಂದು ವರ್ಷ ಪೀಸ್ ಲೆಕ್ಕದಲ್ಲಿ ಜೇಬು ಮಾತ್ರ ಹೊಲಿದೆ; ಇಡೀ ಪ್ಯಾಂಟು ಹೇಗೆ ಮುಗಿಯಿತೆಂದು ಒಂದು ದಿನವೂ ನೋಡಲಿಲ್ಲ. ಆಮೇಲೆ ಮನೆಯಲ್ಲೇ ಮಷೀನ್ ಹಾಕಿಕೊಂಡೆ. ಮೊದಲ ವರ್ಷ ಆದಾಯ ಇಳಿಯಿತು, ಆದರೆ ಯಾರ ಬಟ್ಟೆ ಹೊಲಿಯಬೇಕು, ಯಾರದು ಬೇಡ ಎನ್ನುವುದು ನನ್ನ ಕೈಗೆ ಬಂತು. ಏಣಿಯವರೇ, ಎತ್ತರದ ಕೆಲಸ ಬೇಡವೆನ್ನಲು ನಿಮಗೆ ಈಗ ಸ್ವಾತಂತ್ರ್ಯವಿದೆ. ಗುತ್ತಿಗೆದಾರರು ‘ಏಣಿ ಹತ್ತು’ ಎಂದಾಗ ಆ ಸ್ವಾತಂತ್ರ್ಯ ಇರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ.

ಲೆಕ್ಕದ ಪುಸ್ತಕ: ಅಕ್ಕನವರ ಮಾತಿಗೆ ಒಂದು ತಿದ್ದುಪಡಿ. ಬೇಡವೆನ್ನುವ ಧೈರ್ಯ ಬರುವುದು ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇದ್ದಾಗ. ಅಂಗಡಿಯವರಿಂದ ತಿಂಗಳ ಮೊದಲನೆಯ ವಾರವೇ ಮುಂಗಡವಾಗಿ ಫೋನ್‌ಪೇಗೆ ಹಾಕಿಸಿಕೊಳ್ಳಿ. ಕೊಡದವರನ್ನು ಬಿಟ್ಟರೂ ನಷ್ಟವಿಲ್ಲ.

ಏಣಿಯವನು: ನಿನ್ನೆ ಮೂರು ಮನೆಗಳಿಗೆ ಬಿಡಿ ದರ ಹೇಳಿ ನೋಡಿದೆ. ಒಬ್ಬರು 1,400ಕ್ಕೆ ಒಪ್ಪಿದರು, ಒಬ್ಬರು ದೀಪಾವಳಿಗೆ ಮಾತ್ರ ಬಾ ಎಂದರು, ಮತ್ತೊಬ್ಬರು ಗೇಟಿನಲ್ಲೇ ಕಳಿಸಿದರು. ಅಜ್ಜಿಯ ಮನೆಗೆ ದರ ಏರಿಸಲು ಬಾಯಿ ಬರಲಿಲ್ಲ. ಆ ಒಂದು ಮನೆ 900ಕ್ಕೇ ಇರಲಿ, ಲೆಕ್ಕದವರು ಬೈದರೂ ಸರಿ. ಗುತ್ತಿಗೆದಾರರಿಗೆ ಉತ್ತರ ಕೊಡಲು ತಿಂಗಳ ಕೊನೆಯವರೆಗೆ ಸಮಯವಿದೆ. ಅಷ್ಟರಲ್ಲಿ ಎರಡನೆಯ ಅಂತಸ್ತಿನ ಹೊರಗಾಜಿನ ಕೆಲಸವನ್ನು ನಿಲ್ಲಿಸುತ್ತೇನೆ. ಗಂಗಾವತಿಯ ಅಣ್ಣಾ, ನೆಲದಲ್ಲೇ ನಿಂತು ಒರೆಸುವ ಉದ್ದ ಕೋಲು ನಿಮ್ಮಲ್ಲಿ ಎಲ್ಲಾದರೂ ಸಿಗುತ್ತದೆಯೇ?